ಗಡ್ಡ ತೆಗೆದ ಮೇಲೆ ಕುತ್ತಿಗೆ ತುಂಬ ಬೊಕ್ಕೆ: ಇದು ಮೊಡವೆಯಾ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಕಾರವಾರದಲ್ಲಿ ಸೆಕ್ಯುರಿಟಿ ಕೆಲಸ, ದಿನಾ ನುಣ್ಣಗೆ ಶೇವ್ ಮಾಡಿಕೊಂಡೇ ಡ್ಯೂಟಿಗೆ ಹೋಗಬೇಕು. ಕೆಲವು ತಿಂಗಳಿಂದ ಕುತ್ತಿಗೆ ಮತ್ತು ದವಡೆಯ ಕೆಳಗೆ ಕೆಂಪು ಬೊಕ್ಕೆ ಏಳುತ್ತಿವೆ. ತುರಿಕೆ, ಉರಿ ಎರಡೂ ಇದೆ. ಪಿನ್ನಿನಿಂದ ಚುಚ್ಚಿದರೆ ಒಳಗೆ ಕೂದಲು ಸಿಗುತ್ತದೆ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮ್ ಹಚ್ಚಿದಾಗ ಕಡಿಮೆಯಾಗಿ, ಬಿಟ್ಟ ಮೇಲೆ ಇನ್ನೂ ಜಾಸ್ತಿ ಆಯಿತು. ಇದು ಮೊಡವೆಯಾ?

ಉತ್ತರ: ಒಳಗೆ ಕೂದಲು ಸಿಗುತ್ತದೆ ಅಂದಿರಲ್ಲ, ಅದೇ ಮುಖ್ಯ ಗುರುತು. ಇದು ಮೊಡವೆ ಅಲ್ಲ, ಚರ್ಮದೊಳಗೆ ತಿರುಗಿದ ಕೂದಲು. ಮೊಡವೆಯಾದರೆ ಸಾಮಾನ್ಯವಾಗಿ ರೇಜರ್ ತಾಗದ ಹಣೆ, ಮೂಗಿನ ಮೇಲೂ ಬರುತ್ತದೆ.

ಗುಂಗುರು ಕೂದಲನ್ನು ಕತ್ತರಿಸಿದಾಗ ತುದಿ ಚೂಪಾಗುತ್ತದೆ. ಬೆಳೆಯುತ್ತಾ ಮೀನಿನ ಗಾಳದ ಹಾಗೆ ಬಾಗಿ ಮತ್ತೆ ಚರ್ಮಕ್ಕೇ ಚುಚ್ಚುತ್ತದೆ. ಶರೀರ ಅದನ್ನು ಹೊರಗಿನ ವಸ್ತು ಎಂದುಕೊಂಡು ಕೆಂಪಾಗಿ ಊದಿಕೊಳ್ಳುತ್ತದೆ. ಎರಡು ಮೂರು ಬ್ಲೇಡಿನ ರೇಜರಿನಲ್ಲಿ ಇದು ಹೆಚ್ಚು. ಒಂದು ಬ್ಲೇಡ್ ಕೂದಲನ್ನು ಎಳೆದರೆ ಇನ್ನೊಂದು ಕತ್ತರಿಸುತ್ತದೆ, ಉಳಿದ ತುದಿ ಚರ್ಮದ ಕೆಳಗೆ ಸರಿದುಬಿಡುತ್ತದೆ. ಕುತ್ತಿಗೆಯ ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಬೆಳೆಯುವುದರಿಂದ ಅಲ್ಲೇ ತೊಂದರೆ ಜಾಸ್ತಿ.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಅಂದರೆ ಸುಮಾರು ನಾಲ್ಕು ವಾರ ರೇಜರ್ ಮುಟ್ಟದೇ ಇರುವುದು. ಕೂದಲು ಉದ್ದವಾದಂತೆ ಸಿಕ್ಕಿಕೊಂಡ ತುದಿ ತಾನಾಗಿಯೇ ಹೊರಗೆ ಬರುತ್ತದೆ. ನಿಮ್ಮ ಕೆಲಸದಲ್ಲಿ ಅದು ಕಷ್ಟ, ಗೊತ್ತು. ಹಾಗಾಗಿ ಟ್ರಿಮ್ಮರ್ ಹಿಡಿಯಿರಿ, ಒಂದು ಮಿಲಿಮೀಟರ್ ಕೂದಲು ಉಳಿಯಲಿ. ದೂರದಿಂದ ಶೇವ್ ಮಾಡಿದ ಹಾಗೇ ಕಾಣುತ್ತದೆ. ಮೇಲಿನವರು ಒಪ್ಪದಿದ್ದರೆ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ. ಇದಕ್ಕೆ ನಾಚಿಕೆ ಬೇಡ.

ಮತ್ತೆ ರೇಜರ್ ಹಿಡಿಯುವಾಗ ಒಂದೇ ಬ್ಲೇಡಿನದ್ದು ಇರಲಿ. ಸ್ನಾನ ಆದ ಮೇಲೆ ಕೂದಲು ಮೆತ್ತಗಿದ್ದಾಗ, ನೊರೆ ಚೆನ್ನಾಗಿ ಹಚ್ಚಿ, ಕೂದಲು ಬೆಳೆಯುವ ದಿಕ್ಕಿಗೇ ಎಳೆಯಿರಿ. ಚರ್ಮವನ್ನು ಬಿಗಿಯಾಗಿ ಹಿಗ್ಗಿಸಬೇಡಿ, ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗಬೇಡಿ. ಐದಾರು ಶೇವಿಗೆ ಬ್ಲೇಡ್ ಬದಲಿಸಿ. ರೂಮಿನಲ್ಲಿ ಒಬ್ಬರ ರೇಜರ್ ಇನ್ನೊಬ್ಬರು ಬಳಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಹೆಪಟೈಟಿಸ್ ಬಿ ಕೂಡ ಹಾಗೆ ಹರಡಬಹುದು.

ಪಿನ್ ಬೇಡವೇ ಬೇಡ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟರೆ ಎಷ್ಟೋ ಕೂದಲು ತಾವೇ ಮೇಲೆ ಬರುತ್ತವೆ. ರಾತ್ರಿ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ತೆಳ್ಳಗೆ ಹಚ್ಚಬಹುದು. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ, ಯೂನಿಫಾರ್ಮಿನ ಕಾಲರ್ ಜೋಪಾನ. ಕಲೆ ಮಾಯಲು ತಿಂಗಳುಗಳೇ ಬೇಕು, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಇರಲಿ.

ನನಗೆ ನಿಜವಾಗಿ ಚಿಂತೆ ಆಗಿದ್ದು ಆ ಕ್ರೀಮಿನದ್ದು. ಅದರ ಡಬ್ಬಿ ನೋಡಿ. ಬೀಟಾಮೆಥಸೋನ್, ಕ್ಲೋಬೆಟಸಾಲ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದಾಗ ಕೆಂಪು ತಗ್ಗುತ್ತದೆ, ಬಿಟ್ಟಾಗ ತಿರುಗಿ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಗಜಕರ್ಣ ಇದ್ದರೆ ಒಳಗೊಳಗೇ ಹರಡುತ್ತದೆ. ವೈದ್ಯರು ಬರೆದುಕೊಡದೆ ಮುಖಕ್ಕೆ ಇದನ್ನು ಹಚ್ಚಬೇಡಿ.

ಕರಾವಳಿಯ ಬೆವರಿನಲ್ಲಿ ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ, ವಿಪರೀತ ತುರಿಸುವ ಸಣ್ಣ ಗುಳ್ಳೆ ಎದ್ದರೆ ಅದು ಬೇರೆ. ಹೆಚ್ಚಾಗಿ ಶಿಲೀಂಧ್ರದ್ದು, ಮೊಡವೆ ಔಷಧಿಗೆ ಬಗ್ಗುವುದಿಲ್ಲ. ಬೊಕ್ಕೆ ದೊಡ್ಡ ಕುರುವಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಗಟ್ಟಿ ಗಂಟಾಗಿ ಉಳಿದರೆ ತಡ ಮಾಡದೆ ನಿಮ್ಮ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಾದ ಕ್ರಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಬನ್ನಿ.

ಪ್ರಶ್ನೆ: ಮಗಳ ತೋಳಿನ ಹಿಂಭಾಗ ಒರಟೊರಟು ಗುಳ್ಳೆ, ಚಳಿಗಾಲದಲ್ಲಿ ಹೆಚ್ಚು. ತಿಕ್ಕಿ ತೊಳೆದರೂ ಹೋಗುತ್ತಿಲ್ಲ. – ಶಿರಸಿಯ ಓದುಗರು

ಉತ್ತರ: ತಿಕ್ಕುವುದನ್ನು ಮೊದಲು ಬಿಡಿ ಅಮ್ಮಾ. ಇದು ಕೂದಲ ಬುಡದಲ್ಲಿ ಸತ್ತ ಚರ್ಮ ಕಟ್ಟಿಕೊಂಡು ಆಗುವಂಥದ್ದು, ಮನೆತನದಲ್ಲೂ ಬರುತ್ತದೆ, ಅಪಾಯ ಏನಿಲ್ಲ. ಸ್ನಾನವಾಗಿ ಮೈ ಹಸಿಯಿದ್ದಾಗಲೇ 10 ಶೇಕಡಾ ಯೂರಿಯಾ ಇರುವ ಲೋಷನ್ ಹಚ್ಚಿ. ಮನೆಯಲ್ಲಿ ಮುರುಗಲು ತುಪ್ಪ (ಕೋಕಂ ಬೀಜದ ಕೊಬ್ಬು) ಇದ್ದರೆ ಒಣಗಿದ ಕೈಕಾಲಿಗೆ ಅದೂ ಆಗುತ್ತದೆ, ಮುಖಕ್ಕೆ ಮಾತ್ರ ಬೇಡ.