ಅಪ್ಪ ಕೊಂಡ ಕಾರು: ಮಾರುವುದೋ, ಇಟ್ಟುಕೊಳ್ಳುವುದೋ?

ಹಳೆಯ ಕಾರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ತಂದೆಯವರು 1978ರಲ್ಲಿ ಹೊಸದಾಗಿ ಕೊಂಡ ಪ್ರೀಮಿಯರ್ ಪದ್ಮಿನಿ ನಮ್ಮ ಶೆಡ್ಡಿನಲ್ಲಿದೆ. ಒಂಬತ್ತು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ. ಗುಜರಿಯವರು ಆಗಾಗ ಬಂದು ಕೇಳುತ್ತಾರೆ. ಬೆಂಗಳೂರಿನವರೊಬ್ಬರು ಗುಜರಿ ಬೆಲೆಯ ಎರಡರಷ್ಟು ಕೊಡುತ್ತೇನೆ ಎನ್ನುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಮಾರುವ ಮನಸ್ಸಿಲ್ಲ, ಓಡಿಸುವವರೂ ಇಲ್ಲ. ಏನು ಮಾಡಲಿ? (ಶಿವಮೊಗ್ಗ)

ಉತ್ತರ: ಇಬ್ಬರಿಗೂ ಈಗ ಏನೂ ಹೇಳಬೇಡಿ. ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮಗೇ ಗೊತ್ತಿಲ್ಲದಿರುವಾಗ ಬೆಲೆಯ ಮಾತು ಎದುರಿನವರಿಗೇ ಲಾಭ. ಮೊದಲು ನೋಡಬೇಕಾದದ್ದು ಬಾಡಿ, ಎಂಜಿನ್ ಆಮೇಲೆ. ಪದ್ಮಿನಿಯ 1089 ಸಿ.ಸಿ. ಎಂಜಿನ್ ಎಷ್ಟೇ ಕೆಟ್ಟಿದ್ದರೂ ರಿಪೇರಿಗೆ ಬಗ್ಗುತ್ತದೆ. ಬಾಡಿ ಹಾಗಲ್ಲ. ಈ ಕಾರಿಗೆ ಬೇರೆ ಚಾಸಿ (ಬಾಡಿಯನ್ನು ಹೊರುವ ಚೌಕಟ್ಟು) ಇಲ್ಲ, ನೆಲದ ತಗಡು ಮತ್ತು ಬಾಗಿಲ ಕೆಳಗಿನ ಸಿಲ್ ಸೇರಿಯೇ ಅದರ ಬೆನ್ನೆಲುಬು. ಮಲೆನಾಡಿನ ಮಳೆಗಾಲದ ತೇವ ಮೊದಲು ತಿನ್ನುವುದೂ ಅಲ್ಲೇ.

ಮ್ಯಾಟ್‌ಗಳನ್ನೆಲ್ಲ ತೆಗೆದು ನೆಲವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತ ತಗಡು ಡಬ್ ಎನ್ನುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲುಗಳ ಕೆಳ ಅಂಚು, ಹೆಡ್‌ಲೈಟ್ ಸುತ್ತ, ಮಡ್‌ಗಾರ್ಡ್ ಕಮಾನುಗಳ ಮೇಲೆ ಆಡಿಸಿ. ಹಿಡಿಯದೆ ಜಾರಿದ ಕಡೆ ಒಳಗಿರುವುದು ಪುಟ್ಟಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಅಡಿ ನೋಡಿ, ಹಿಂಬದಿಯ ಲೀಫ್ ಸ್ಪ್ರಿಂಗಿನ ಹ್ಯಾಂಗರ್ ಬಾಡಿಗೆ ಸೇರುವ ಜಾಗವನ್ನು ಟಾರ್ಚ್ ಹಿಡಿದು ನೋಡಿ, ಬ್ಯಾಟರಿ ತಟ್ಟೆಯ ಕೆಳಗೂ ನೋಡಿ. ಕೊನೆಗೆ, ಒಂದು ಬದಿಯನ್ನು ಜಾಕ್ ಪಾಯಿಂಟಿನಿಂದ ಎತ್ತಿ ಆ ಬದಿಯ ಬಾಗಿಲು ತೆರೆದು ಮುಚ್ಚಿ ನೋಡಿ. ಮೊದಲಿನಂತೆಯೇ ಕೂತರೆ ಸಿಲ್ ಗಟ್ಟಿಯಾಗಿದೆ. ಬಾಗಿಲು ತಗಲಿದರೆ, ಅಥವಾ ಜಾಕ್ ತಗಡಿನೊಳಕ್ಕೆ ಇಳಿದರೆ, ಟಿಂಕರಿಂಗ್ ಕೆಲಸ ದೊಡ್ಡದಿದೆ. ಆ ಖರ್ಚನ್ನು ಮಾರಿ ವಾಪಸ್ ಪಡೆಯುವುದು ಕಷ್ಟ.

ಆಮೇಲೆ ಎಂಜಿನ್. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ತಪ್ಪನ್ನು ದಯವಿಟ್ಟು ಮಾಡಬೇಡಿ. ಒಂಬತ್ತು ವರ್ಷದಲ್ಲಿ ಸಿಲಿಂಡರ್ ಗೋಡೆ ಒಣಗಿ ತೆಳುವಾಗಿ ತುಕ್ಕು ಹಿಡಿದಿರುತ್ತದೆ. ಒಮ್ಮೆ ಜೋರಾಗಿ ತಿರುಗಿಸಿದರೆ ಪಿಸ್ಟನ್ ರಿಂಗ್ ಮುರಿಯಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಬಿಡಿ. ಗೇರ್ ನ್ಯೂಟ್ರಲ್ಲಿಗೆ ತಂದು ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಕೊಟ್ಟು ಕೈಯಿಂದ ತಿರುಗಿಸಿ. ಜಗ್ಗದಿದ್ದರೆ ಸೀಮೆಎಣ್ಣೆ, ಆಯಿಲ್ ಸಮಸಮ ಬೆರೆಸಿ ಬಿಟ್ಟು ಮೂರು ನಾಲ್ಕು ದಿನ ಕಾಯಿರಿ. ಪೈಪ್ ಸಿಕ್ಕಿಸಿ ಬಲ ಹಾಕಬೇಡಿ. ತಿರುಗಿದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಹೊರಹಾಕಿ. ಅದು ಅಂಟಾಗಿ ಕಾರ್ಬ್ಯುರೇಟರ್ ಜೆಟ್ ಮುಚ್ಚಿರುತ್ತದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ ಸುಮಾರು 0.4 ಮಿ.ಮೀ. ಸಂದು ಇಡಿ. ಎಂಜಿನ್ ಓಡಿ ಬಿಸಿಯಾದ ಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷೆ ಮಾಡಿಸಿ: ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ. ನಾಲ್ಕು ಸಿಲಿಂಡರಿನ ಅಂಕಿಗಳು ಒಂದಕ್ಕೊಂದು 10ರಿಂದ 15% ಒಳಗಿದ್ದರೆ ನಿಶ್ಚಿಂತೆ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆ ಇದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವುದೇ ಹೆಚ್ಚು.

ಎಂಜಿನ್ ಓಡಿತೆಂದು ರಸ್ತೆಗೆ ಇಳಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಇಷ್ಟು ವರ್ಷದಲ್ಲಿ ಅದು ವೀಲ್ ಸಿಲಿಂಡರುಗಳನ್ನು ಒಳಗಿನಿಂದ ತಿಂದಿರುತ್ತದೆ. ಆ ಕಾಲದ ಪದ್ಮಿನಿಯಲ್ಲಿ ನಾಲ್ಕು ಡ್ರಮ್ಮಿಗೂ ಒಂದೇ ಲೈನ್, ಎಲ್ಲಿ ಒಂದು ರಬ್ಬರ್ ಹರಿದರೂ ನಾಲ್ಕೂ ಬ್ರೇಕ್ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಕಿಟ್, ಎಲ್ಲ ವೀಲ್ ಸಿಲಿಂಡರ್, ರಬ್ಬರ್ ಹೋಸುಗಳು, ಟೈರುಗಳು: ಇಷ್ಟನ್ನು ಹೊಸದಾಗಿ ಹಾಕಿಸದೆ ಗೇಟು ದಾಟಬಾರದು.

ಬಾಡಿ ಗಟ್ಟಿಯಿದ್ದರೆ ಮನೆಯವರೆಲ್ಲ ಕೂತು ಮೂರು ವಿಷಯ ಮಾತಾಡಿ. ತಿಂಗಳಿಗೆ ಎರಡು ಸಲ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು, ಅಂದರೆ 15-20 ಕಿ.ಮೀ. ಓಡಿಸುವವರು ಯಾರು? ಒಣ ನೆಲದ, ಗಾಳಿಯಾಡುವ ಶೆಡ್ ಇದೆಯೇ? ಪಾಯಿಂಟ್, ಕಾರ್ಬ್ಯುರೇಟರ್ ಬಲ್ಲ ಮೆಕ್ಯಾನಿಕ್ ಊರಿನಲ್ಲಿ ಇದ್ದಾರೆಯೇ? ಮೂರರಲ್ಲಿ ಎರಡಕ್ಕೆ ಉತ್ತರ ಇಲ್ಲವೆಂದಾದರೆ ಮಾರಿ, ಬೇಗ ಮಾರಿ. ಪ್ರೀತಿಯಿಂದ ಟಾರ್ಪಾಲ್ ಹೊದಿಸಿ ಇಟ್ಟ ಕಾರು ಟಾರ್ಪಾಲಿನ ಅಡಿಯಲ್ಲೇ ಬೆವರಿ ತುಕ್ಕು ಹಿಡಿಯುತ್ತದೆ. ಬಿಡಿಭಾಗದ ಮಾತೂ ಇದೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಪದ್ಮಿನಿಯ ಎಂಜಿನ್ ಸಾಮಾನಿಗೆ ಬೇಡಿಕೆ ಇತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ನಿಮ್ಮ ಶೆಡ್ಡಿನಲ್ಲಿರುವ ಹಳೆಯ ಸಾಮಾನಿನ ಡಬ್ಬ, ಮೂಲ ಕ್ರೋಮ್ ಬಂಪರ್, ಗ್ರಿಲ್, ಹಬ್ ಕ್ಯಾಪ್, ಟೈಲ್ ಲೈಟ್ ಗಾಜುಗಳನ್ನು ಕಸವೆಂದು ಎಸೆಯಬೇಡಿ. ಕಾರಿನ ಜೊತೆಗೇ ಅವಕ್ಕೆ ಬೆಲೆ.

ಗುಜರಿಗೆ ಕೊಡಲೇಬೇಕಾದರೆ ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಆರ್‌ಸಿ ರದ್ದು ಮಾಡಿಸಿ. ಬಿಡಿ ಗುಜರಿಗೆ ಆರ್‌ಸಿ ಸಮೇತ ಕೊಟ್ಟರೆ ನಿಮ್ಮ ನಂಬರ್ ಬೇರೆ ಕಾರಿನ ಮೇಲೆ ಓಡಾಡಬಹುದು.

ಪ್ರಶ್ನೆ: ತಂದೆ ತೀರಿಕೊಂಡು ಎರಡು ವರ್ಷವಾಯಿತು. ಕಾರಿನ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದೆ, ಅವಧಿಯೂ ಮುಗಿದಿದೆ. ಕೊಳ್ಳುವವರು “ಹಾಗೇ ಕೊಡಿ, ನಾವು ಮಾಡಿಸಿಕೊಳ್ಳುತ್ತೇವೆ” ಎನ್ನುತ್ತಾರೆ. (ಹುಬ್ಬಳ್ಳಿ)

ಉತ್ತರ: ಹಾಗೇ ಕೊಡಲು ಆ ಕಾರು ಕಾಗದದಲ್ಲಿ ಇನ್ನೂ ನಿಮ್ಮದಾಗಿಲ್ಲ. ತೀರಿಕೊಂಡವರ ಪರವಾಗಿ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಯಾರೂ ಸಹಿ ಹಾಕುವಂತಿಲ್ಲ. ಹಾಕಿದರೆ ಅದು ನಕಲಿ ಸಹಿ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಬದಲಿಸಲು ಫಾರಂ 31ರಲ್ಲಿ ಅರ್ಜಿ ಕೊಡಬೇಕೆಂಬುದು ನಿಯಮ. ತಡವಾಗಿದೆ, ಆದರೂ ದಾರಿ ಅದೇ. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆಯ ಅಫಿಡವಿಟ್ ಸಿದ್ಧಮಾಡಿಕೊಳ್ಳಿ. ಒಬ್ಬ ತಂಗಿ ಅಮೆರಿಕದಲ್ಲಿದ್ದರೆ ಅವರ ಒಪ್ಪಿಗೆಯೂ ಬೇಕು. ಅದು ಅಂಚೆಯಲ್ಲಿ ಬರುವುದಕ್ಕೇ ಸಮಯ ಹಿಡಿಯುತ್ತದೆ, ಅದನ್ನೇ ಮೊದಲು ಶುರುಮಾಡಿ.

ಆರ್‌ಸಿ ನವೀಕರಣಕ್ಕೆ ಫಾರಂ 25. ಇದು 5 ವರ್ಷಕ್ಕೊಮ್ಮೆ. 2025ರ ಆಗಸ್ಟಿನ ಪರಿಷ್ಕರಣೆಯ ನಂತರ 20 ವರ್ಷ ದಾಟಿದ ಕಾರಿಗೆ ಶುಲ್ಕ 10,000 ರೂಪಾಯಿ. ವಿಳಂಬಕ್ಕೆ ತಿಂಗಳಿಗೆ 500 ರೂಪಾಯಿ ಬೇರೆ, ಜೊತೆಗೆ ಹಸಿರು ತೆರಿಗೆ. ಒಟ್ಟು ಎಷ್ಟಾಗುತ್ತದೆ ಎಂದು ಕೌಂಟರಿನಲ್ಲಿ ಬರೆಸಿಕೊಂಡು ಬನ್ನಿ, ಆ ಮೊತ್ತ ಬೆಲೆಯ ಮಾತಿಗೆ ಬೇಕು. ಇನ್‌ಸ್ಪೆಕ್ಟರ್ ಕಾರನ್ನು ಕಣ್ಣಾರೆ ನೋಡಿ ಚಾಸಿ ನಂಬರ್ ಹೋಲಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್ ಗಾಡಿಯ ಮೇಲೆ ಒಯ್ಯಿರಿ. ಹೋಗುವ ಮುಂಚೆ ಚಾಸಿ ಮತ್ತು ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿ. ಎಂದೋ ಎಂಜಿನ್ ಬ್ಲಾಕ್ ಬದಲಾಗಿ ದಾಖಲಾಗದೆ ಉಳಿದಿರುವುದು ಹೊರಬೀಳುವುದು ಇಲ್ಲೇ.

ಪ್ರಶ್ನೆ: ನಮ್ಮಲ್ಲಿ 1969ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಚೆನ್ನಾಗಿ ಓಡುತ್ತದೆ. ವಿಂಟೇಜ್ ಎಂದು ನೋಂದಾಯಿಸಿದರೆ ಬೆಲೆ ಏರುತ್ತದೆ ಎನ್ನುತ್ತಾರೆ, ನಿಜವೇ? (ಮೈಸೂರು)

ಉತ್ತರ: 2021ರ ಜುಲೈ ತಿಂಗಳ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಖಾಸಗಿ ವಾಹನ ವಿಂಟೇಜ್. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆಮೇಲಿನ ನವೀಕರಣ 5,000 ರೂಪಾಯಿ. ಹೊಸದಾಗಿ ನೋಂದಾಯಿಸುವವರಿಗೆ ‘ವಿಎ’ ಸರಣಿ, ಆಗಲೇ ನಂಬರ್ ಇರುವವರಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಅವಕಾಶ. ಮಾಮೂಲಿ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ 10,000 ಕೊಟ್ಟು ನವೀಕರಿಸಿದರೂ 10 ವರ್ಷಕ್ಕೆ ಅಷ್ಟೇ ಆಗುತ್ತದೆ. ಹಾಗಾಗಿ ತೂಗಬೇಕಾದದ್ದು ಬಳಕೆಯನ್ನು. ವಿಂಟೇಜ್ ಎಂದಾದ ಮೇಲೆ ಆ ಕಾರು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಷ್ಟಕ್ಕೇ ರಸ್ತೆಗೆ ಬರಬಹುದು. ದೇವರಾಜ ಮಾರುಕಟ್ಟೆಗೆ ತರಕಾರಿಗೆ ಒಯ್ಯುವಂತಿಲ್ಲ. ಓಡಿಸಲೆಂದೇ ಕೊಳ್ಳುವವರು ಇದರಿಂದ ಹಿಂದೆ ಸರಿಯುತ್ತಾರೆ. ನಮ್ಮ ಸಲಹೆ, ಮಾಮೂಲಿ ಆರ್‌ಸಿಯನ್ನೇ ಜೀವಂತ ಇಡಿ. ಕೊಂಡವರಿಗೆ ಬೇಕಿದ್ದರೆ ಅವರು ಬದಲಿಸಿಕೊಳ್ಳಲಿ. ಬೆಲೆ ಏರಿಸುವುದು ಮೂಲ ಎಂಜಿನ್ ಮತ್ತು ಗಟ್ಟಿ ಚಾಸಿ. ಹೆರಾಲ್ಡಿಗೆ ಪ್ರತ್ಯೇಕ ಚಾಸಿ ಇದೆ, ಅದರಿಂದ ಬದಿಗೆ ಚಾಚಿದ ಔಟ್‌ರಿಗರ್‌ಗಳೇ ಮೊದಲು ತುಕ್ಕಾಗುವುದು. ಅವನ್ನು ತೋರಿಸುವ ಫೋಟೋ ನಾಲ್ಕು ತೆಗೆದಿಡಿ.

ಪ್ರಶ್ನೆ: 1984ರ ಅಂಬಾಸಡರ್ ಮಾರಬೇಕು. ಹಿಂದೆ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದೇವೆ. ಮಾರುವ ಮುಂಚೆ ಪೂರ್ತಿ ಪೇಂಟ್ ಮಾಡಿಸಲೇ? (ಮಂಗಳೂರು)

ಉತ್ತರ: ಪೇಂಟ್ ಬೇಡ. ಕರಾವಳಿಯ ಕಾರಿಗೆ ಹೊಸ ಬಣ್ಣ ಕಂಡ ಕೂಡಲೇ ಬಲ್ಲವರು ಅಯಸ್ಕಾಂತ ತೆಗೆಯುತ್ತಾರೆ. ಮಾಸಿದರೂ ಮೂಲ ಬಣ್ಣವೇ ನಂಬಿಕೆ ಹುಟ್ಟಿಸುತ್ತದೆ. ಆ ಹಣವನ್ನು ಬ್ರೇಕ್, ಬಾಗಿಲ ರಬ್ಬರ್, ಇಲಿ ಕಡಿದ ವೈರಿಂಗಿಗೆ ಹಾಕಿ.

ತೊಂದರೆ ಇರುವುದು ಎಂಜಿನ್ನಿನಲ್ಲಿ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಇದ್ದರೆ, ಆರ್‌ಟಿಓ ಒಪ್ಪಿಗೆ ಪಡೆಯದ ಬದಲಾವಣೆ ಅದು. ವರ್ಗಾವಣೆ ನಿಲ್ಲುತ್ತದೆ, ಅಪಘಾತವಾದರೆ ವಿಮೆಯ ತಕರಾರು ಬರುತ್ತದೆ. ತೆಗೆಸಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಇದ್ದರೆ ಅದನ್ನು ಹೇಗಾದರೂ ಉಳಿಸಿಕೊಳ್ಳಿ. ರಿಪೇರಿ ಮಾಡಿಸಿ ವಾಪಸ್ ಕೂರಿಸುವುದೇ ಒಳ್ಳೆಯದು. ಅಷ್ಟು ಆಗದಿದ್ದರೆ ಎಂಜಿನ್ನನ್ನು ಕಾರಿನ ಜೊತೆಗೆ ಕೊಟ್ಟು, ಇದ್ದ ಸಂಗತಿಯನ್ನು ಮಾರಾಟ ಪತ್ರದಲ್ಲಿ ಬರೆದು, ಕಡಿಮೆ ಬೆಲೆಗೆ ಒಪ್ಪಿ. ಮುಚ್ಚಿಟ್ಟು ಮಾರಬೇಡಿ.

ಪ್ರಶ್ನೆ: ನಮ್ಮ ಪದ್ಮಿನಿಯನ್ನು ಮಾರುವ ಯೋಚನೆಗೆ ಈಗಿನ ಪೆಟ್ರೋಲೇ ಕಾರಣ. ಎಥನಾಲ್ ಬೆರೆಸಿದ್ದರಿಂದ ಕಾರು ಹಾಳಾಗುತ್ತದೆಯೇ? (ಬೆಂಗಳೂರು)

ಉತ್ತರ: ಅದೊಂದೇ ಕಾರಣಕ್ಕೆ ಮಾರಬೇಡಿ. 20% ಎಥನಾಲ್ ಇರುವ ಪೆಟ್ರೋಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ತೇವ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರು ನಿಲ್ಲಿಸುತ್ತದೆ, ವರ್ಷಗಳಿಂದ ಅಂಟಿದ ಕಿಟ್ಟವನ್ನು ಸಡಿಲಿಸಿ ಜೆಟ್‌ಗೆ ತಂದು ತುರುಕುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಹೋಸುಗಳನ್ನೆಲ್ಲ ವೈಟಾನ್ (ಎಥನಾಲ್ ತಡೆದುಕೊಳ್ಳುವ ರಬ್ಬರ್) ಒಳಪದರ ಇರುವವಕ್ಕೆ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿ, ಇದನ್ನು ಮುಂದೂಡಬೇಡಿ. ಫ್ಯುಯೆಲ್ ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ಕಿಟ್ ಹೊಸತು ಹಾಕಿಸಿ. ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿ ಮೊದಲ 500 ಕಿ.ಮೀ.ಗೇ ಬದಲಿಸಿ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಎಳೆಯದೆ, ಪ್ಲಗ್ ತುದಿ ಬೆಳ್ಳಗಾದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಬೇಕು. ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನ ಫ್ಲೋಟ್ ಬೌಲ್ ಖಾಲಿ ಮಾಡಿ.

ಇನ್ನೊಂದು ಹಳೆಯ ಸಮಸ್ಯೆಯನ್ನು ಎಥನಾಲಿನ ತಲೆಗೆ ಕಟ್ಟಬೇಡಿ. ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಮೆದು ವಾಲ್ವ್ ಸೀಟಿನ ಎಂಜಿನ್ನಿಗೆ ಸೀಸವೇ ರಕ್ಷಣೆಯಾಗಿತ್ತು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸಂದು ಪದೇ ಪದೇ ಕಿರಿದಾಗುತ್ತಿದ್ದರೆ ಸೀಟು ಒಳಸರಿಯುತ್ತಿದೆ ಎಂದರ್ಥ. ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂರಿಸಿ.

ಪ್ರಶ್ನೆ: ಬೆಲೆ ಕುದುರಿದೆ. ಕೊಡುವಾಗ ಏನು ನೋಡಿಕೊಳ್ಳಬೇಕು? (ತುಮಕೂರು)

ಉತ್ತರ: ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಡುವುದು ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ. ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಮಾರಿದ ಮೇಲೆ ಆದ ಅಪಘಾತಕ್ಕೂ ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವರ್ಗಾವಣೆಯನ್ನು ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಹೊರರಾಜ್ಯದವರಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಓಸಿ ಮೊದಲು, ಕಾರು ಆಮೇಲೆ. ಹಳೆಯ ಸಾಲದ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ ಫಾರಂ 35ರಿಂದ ತೆಗೆಸಿ. ಹಣ ಬ್ಯಾಂಕಿನ ಮೂಲಕವೇ ಬರಲಿ, 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷೇಧವಿದೆ. ಮನೆ ಬಳಕೆಗೆಂದೇ ಇಟ್ಟಿದ್ದ ಕಾರಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಡೆಲಿವರಿ ಪತ್ರದಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದಲ್ಲಿ ಹೊಸ ಮಾಲೀಕರ ಹೆಸರು ಕಾಣುವವರೆಗೆ ವಿಮೆ ರದ್ದು ಮಾಡಿಸಬೇಡಿ.