ಕೇಪ್ ಟೌನ್‌ನ ಟೇಬಲ್ ಮೌಂಟನ್ ಬೆಟ್ಟಸಾಲಿನ ಒಂದು ಬದಿ ಸಮುದ್ರದ ನೀರು ಕೊರೆಯುವಷ್ಟು ತಣ್ಣಗಿರುತ್ತೆ, ಇನ್ನೊಂದು ಬದಿ ಬೆಚ್ಚಗಿರುತ್ತೆ. ಯಾಕೆ?

ಕಾರಣ ಬೇಸಿಗೆಯ ಆಗ್ನೇಯ ಗಾಳಿ. ಅಲ್ಲಿ ಬೇಸಿಗೆ ಅಂದ್ರೆ ನಮ್ಮ ಡಿಸೆಂಬರ್-ಜನವರಿ.

ದಕ್ಷಿಣ ಗೋಳಾರ್ಧದಲ್ಲಿ ಗಾಳಿ ತಳ್ಳಿದ ನೀರು ನೇರ ಹೋಗುವುದಿಲ್ಲ. ಭೂಮಿ ತಿರುಗುವುದರಿಂದ ಎಡಕ್ಕೆ ವಾಲುತ್ತದೆ. ಪಶ್ಚಿಮದ ಕ್ಯಾಂಪ್ಸ್ ಬೇ ಬದಿಯಲ್ಲಿ ಎಡಕ್ಕೆ ಅಂದ್ರೆ ದಡದಿಂದ ದೂರಕ್ಕೆ. ಬಿಸಿಲಿಗೆ ಕಾದ ಮೇಲಿನ ನೀರು ಅಟ್ಲಾಂಟಿಕ್ ಒಳಗೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಹಾಗಾಗಿ ಸುಡುಬಿಸಿಲಲ್ಲೂ ನೀರು 10-12 ಡಿಗ್ರಿಗೆ ಇಳಿಯಬಹುದು. ಕಾಲಿಟ್ಟರೆ ಪಾದ ಮರಗಟ್ಟುತ್ತದೆ!

ಪೂರ್ವದ ಫಾಲ್ಸ್ ಬೇ ಕೊಲ್ಲಿಗೆ ಅದೇ ಗಾಳಿ ನೇರ ಒಳಗೆ ನುಗ್ಗಿ, ಬೆಚ್ಚಗಿನ ನೀರನ್ನು ಮ್ಯೂಜೆನ್‌ಬರ್ಗ್ ದಡದತ್ತ ತಳ್ಳುತ್ತದೆ. ಕೊಲ್ಲಿಯ ಆಳವೂ ಕಡಿಮೆ, ಬೇಗ ಕಾಯುತ್ತದೆ. 20 ಡಿಗ್ರಿ ಸುತ್ತಮುತ್ತ ಇರುತ್ತದೆ.

ಈಜುವ ಆಸೆಯಿದ್ದರೆ ಮೊದಲು ಬೆಟ್ಟದ ನೆತ್ತಿ ನೋಡಿ. ಚಪ್ಪಟೆ ತುದಿಯಿಂದ ಬಿಳಿ ಮೋಡ ಮೇಜಿನ ಬಟ್ಟೆಯಂತೆ ಇಳಿಬಿದ್ದಿದ್ದರೆ ಇದೇ ಗಾಳಿ ಬೀಸುತ್ತಿದೆ. ಆಗ ನನ್ನ ಆಯ್ಕೆ ಪೂರ್ವದ ಬೌಲ್ಡರ್ಸ್ ಬೀಚ್. ದೊಡ್ಡ ಗ್ರಾನೈಟ್ ಬಂಡೆಗಳು ಗಾಳಿಗೆ ಅಡ್ಡ ನಿಲ್ಲುತ್ತವೆ, ಪಕ್ಕದಲ್ಲೇ ಪೆಂಗ್ವಿನ್‌ಗಳೂ ಓಡಾಡುತ್ತಿರುತ್ತವೆ. ಮುಟ್ಟಲು ಮಾತ್ರ ಹೋಗಬೇಡಿ, ಜೋರಾಗಿ ಕಚ್ಚುತ್ತವೆ.