ಉಗ್ರಾಣದಲ್ಲಿ ಸಿಕ್ಕ ಬಿಬಿಸಿ ಮೈಕ್ರೋವನ್ನು ಹಾಗೆಯೇ ಆನ್ ಮಾಡಬಹುದೇ?

ಶಾಲೆಯ ಉಗ್ರಾಣದಲ್ಲಿ ಸಿಕ್ಕ, 1980ರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋವನ್ನು ನೇರವಾಗಿ ಪ್ಲಗ್‌ಗೆ ಹಾಕಬಹುದೇ, ಅದರ ಚಿತ್ರ ಇಂದಿನ ಟಿವಿಯಲ್ಲಿ ಮೂಡುವುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಪ್ಲಗ್‌ಗೆ ಹಾಕಬೇಡಿ. 1984ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದ ಈ ಯಂತ್ರಗಳಿಗೆ ಈಗ ನಲವತ್ತರ ಆಸುಪಾಸಿನ ಪ್ರಾಯ. ಅವುಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಪವರ್ ಸಪ್ಲೈ.

ಕಲಬುರಗಿಯಲ್ಲಿ ಗುಜರಿಯವರಿಂದ ಕೊಂಡ ನನ್ನ ಯಂತ್ರವನ್ನು ಇದು ತಿಳಿಯದೆ ಆನ್ ಮಾಡಿದ್ದೆ. ಎರಡು ಸ್ವರದ ಬೀಪ್ ಕೇಳಿ ಹಿಗ್ಗಿದ್ದೇ ಬಂತು, ಹತ್ತು ನಿಮಿಷದೊಳಗೆ ಪವರ್ ಸಪ್ಲೈ ಇರುವ ಎಡಬದಿಯಲ್ಲಿ ಪಟ್ಟೆಂದು ಸದ್ದಾಗಿ ಕೋಣೆಯ ತುಂಬ ಕಟುವಾಸನೆಯ ಹೊಗೆ ತುಂಬಿಕೊಂಡಿತು. ವಿದ್ಯುತ್ ಒಳಬರುವ ಜಾಗದಲ್ಲಿರುವ, ಕಾಗದದ ಪದರಗಳನ್ನು ಪಾರದರ್ಶಕ ರಾಳದಲ್ಲಿ ಮುಚ್ಚಿದ ಫಿಲ್ಟರ್ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತವೆ. 230 ವೋಲ್ಟ್ ತಗುಲಿದೊಡನೆ ಒಳಗೇ ಸುಡತೊಡಗುತ್ತವೆ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ನ ಚಾರ್ಜ್ ಇಳಿದಿದೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಆ ಫಿಲ್ಟರ್ ಕೆಪಾಸಿಟರ್‌ಗಳನ್ನು ತೆಗೆದು, ಅದೇ ಮೌಲ್ಯದ, ಮೇನ್ಸ್ ವಿದ್ಯುತ್ತಿಗೆಂದೇ ಸುರಕ್ಷತೆ ಪರೀಕ್ಷಿಸಿದ ಎಕ್ಸ್2 ದರ್ಜೆಯವನ್ನು ಹಾಕಿ. ಮೇನ್ಸ್ ಕೆಲಸದ ಅಭ್ಯಾಸವಿಲ್ಲದಿದ್ದರೆ ಇದೊಂದನ್ನು ಬಲ್ಲವರಿಗೆ ಒಪ್ಪಿಸಿ. ಬಳಿಕ ಮದರ್‌ಬೋರ್ಡಿನ ಬದಲು ಕಾರಿನ ಬಲ್ಬೊಂದನ್ನು ಲೋಡಾಗಿ ಜೋಡಿಸಿ 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ಅಳೆಯಿರಿ. ನನ್ನ ಬೋರ್ಡು ಬದುಕುಳಿದದ್ದು ನನ್ನ ಜಾಣತನದಿಂದಲ್ಲ.

ಇನ್ನು ಚಿತ್ರದ ವಿಷಯ. ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆಬೇರೆಯಾಗಿ ಕೊಡುವ ಹಿಂಬದಿಯ ಆರು ಪಿನ್ನಿನ ಆರ್‌ಜಿಬಿ ಸಾಕೆಟ್ಟಿನಿಂದ ಬರುವ ಸಂಕೇತದ ಅಡ್ಡಗೆರೆಗಳ ವೇಗ ಸುಮಾರು 15.6 ಕಿಲೋಹರ್ಟ್ಸ್ ಆದ್ದರಿಂದ ಬಹುತೇಕ ವಿಜಿಎ ಮಾನಿಟರ್‌ಗಳು ಅದನ್ನು ಒಪ್ಪುವುದಿಲ್ಲ. ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಕೂರುವ ‘ಆರ್‌ಜಿಬಿ ಟು ಎಚ್‌ಡಿಎಂಐ’ ಎಂಬ ಹವ್ಯಾಸಿಗಳ ಬೋರ್ಡು ನನಗೆ ಒಗ್ಗಿತು; ಅದರ ಮೂಲಕ ಚಿತ್ರ ಇಂದಿನ ಟಿವಿಯ ಎಚ್‌ಡಿಎಂಐ ಕಿಂಡಿಗೆ ಹೋಗುತ್ತದೆ. ಅದು ಪ್ರತಿ ಚುಕ್ಕೆಯನ್ನೂ ಡಿಜಿಟಲ್ ರೂಪದಲ್ಲೇ ಓದುವುದರಿಂದ ಅಂಚುಗಳು ಮಸುಕಾಗುವುದಿಲ್ಲ. ಇಡೀ ಯಂತ್ರವನ್ನೇ ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ರೂಪಿಸಬಹುದಾದ ಚಿಪ್) ಮರುಸೃಷ್ಟಿಸುವ ದಾರಿಯೂ ಇದೆಯಾದರೂ, ಅಸಲಿ ಯಂತ್ರ ಕೈಯಲ್ಲಿರುವಾಗ ಅದನ್ನು ನಾನು ಸೂಚಿಸಲಾರೆ.

ಚಿತ್ರ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ತೆರೆಯ ಮೇಲೆ ‘ಕಲಬುರಗಿ’ ಎಂದು ಬರೆದದ್ದು. ಯಂತ್ರ ಆರಂಭವಾಗುವ ತೆರೆಯ ವಿಧಾನವಾದ ಮೋಡ್ 7ರಲ್ಲಿ ಅಕ್ಷರಗಳನ್ನು ಟೆಲಿಟೆಕ್ಸ್ಟ್ (ಟಿವಿಯಲ್ಲಿ ಬರುತ್ತಿದ್ದ ಪಠ್ಯ ಸೇವೆ) ಚಿಪ್ ತನ್ನೊಳಗಿನಿಂದಲೇ ಮೂಡಿಸುವುದರಿಂದ ಅಲ್ಲಿ ಹೊಸ ಅಕ್ಷರ ಸಾಧ್ಯವಿಲ್ಲ. ಮೋಡ್ 1ಕ್ಕೆ ಹೋಗಿ ‘ವಿಡಿಯು 23’ ಆಜ್ಞೆಯಿಂದ 8×8 ಚುಕ್ಕೆಗಳ ಚೌಕದಲ್ಲಿ ಆಕಾರ ಕೊಡಬೇಕು. ಅಷ್ಟು ಚಿಕ್ಕ ಚೌಕದಲ್ಲಿ ‘ಬು’ ಬರೆದರೆ ಕೊಂಬು ಅಂಟಿಕೊಂಡು ಇರುವೆ ಕೂತಂತೆ ಕಾಣುತ್ತದೆ. ಹಾಗಾಗಿ ಅಕ್ಷರವೊಂದಕ್ಕೆ ನಾಲ್ಕು ಚೌಕ ಕೊಟ್ಟು, ಲೆಕ್ಕದ ಪುಸ್ತಕದ ಹಾಳೆಯ ಮೇಲೆ ಚುಕ್ಕೆಯಿಟ್ಟು, ಚೌಕದ ಸಾಲಿಗೊಂದರಂತೆ 160 ಸಂಖ್ಯೆಗಳನ್ನು ಒಂದೊಂದಾಗಿ ಕೀಲಿಸಿದೆ. ಊರ ಹೆಸರಿನಲ್ಲಿ ಒತ್ತಕ್ಷರವಿಲ್ಲದ್ದು ದೊಡ್ಡ ಉಪಕಾರ. ನಾವೇ ಆಕಾರ ಕೊಡಬಹುದಾದ, 224ರಿಂದ 255ರವರೆಗಿನ ಸಂಖ್ಯೆಯ 32 ಚೌಕಗಳಲ್ಲಿ 20 ಇದಕ್ಕೇ ಖರ್ಚಾದವು; ಉಳಿದ 12ರಲ್ಲಿ ‘ಬೀದರ’ ಬರೆಯಬಹುದು, ‘ರ’ ಹೇಗೂ ಸಿದ್ಧವಾಗಿದೆ.